ಒಲ್ಲೆ ಅಂತ ಕುಂತ ಡಿಫ್ರೆನ್ಸಲ್

ಜೀಪಿನ ಆಕ್ಸಲ್‌ನ ಹಿಂದಿನ ಮುಚ್ಚಳದ ಹತ್ತು ಬೋಲ್ಟು ಸಡಿಲಿಸಿ, ಕೆಳಗಿನ ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದಾಗ ಪುಟ್ಟಿಯೊಳಗೆ ಇಳಿದದ್ದು ಚಹಾ. ಹಾಲು ಹೆಚ್ಚು, ಪುಡಿ ಕಡಿಮೆ ಬಿದ್ದ ಚಹಾ. ರೈಲು ತಡವಾದ ರಾತ್ರಿ ಜಂಕ್ಷನ್ನಿನಲ್ಲಿ ಕುಡಿಯುತ್ತೇವಲ್ಲ, ಅಂಥದ್ದು. ಆಕ್ಸಲ್‌ಗೆ ಹಾಕುವ 90 ನಂಬರಿನ ಎಣ್ಣೆ ಜೇನಿನ ಬಣ್ಣಕ್ಕಿರಬೇಕು, ಹಳೆಯದಾದರೆ ಕಾಕಂಬಿಯ ಬಣ್ಣಕ್ಕೆ ತಿರುಗಬೇಕು. ಮೆಕ್ಯಾನಿಕ್ ಚಾಚಾ ಬೆರಳದ್ದಿ, ಹೆಬ್ಬೆರಳಿಗೆ ತಿಕ್ಕಿ, ಮೂಸಿ ನೋಡಿದರು.

“ನೀರು ಕುಡದದ ಇದು. ಮಳಿಗಾಲದಾಗ ಎಲ್ಲಿ ಇಳಿಸಿದ್ರಿ ಫಿಟ್ಟರ್ ಸಾಬ್?”

ಎಲ್ಲಿ ಅಂತ ಹೇಳುವುದು. ಕುಂಚಾವರಂ ಸುತ್ತ ಶ್ರಾವಣದಲ್ಲಿ ಹಳ್ಳ ದಾಟದೆ ಹೊಲಕ್ಕೆ ಹೋಗುವ ದಾರಿ ಯಾವುದಿದೆ? ಅಳಿಯನ ಹೊಲ ಊರಿನಿಂದಾಚೆ, ಕಾಡಿನ ಅಂಚಿಗೆ. ಅಲ್ಲಿಂದ ಮುಂದೆ ಒಂದು ಕಡೆ ತೆಲಂಗಾಣದ ಗಡಿ, ಇನ್ನೊಂದು ಕಡೆ 2011ರಲ್ಲಿ ವನ್ಯಜೀವಿ ಧಾಮ ಎಂದು ಘೋಷಣೆಯಾದ ಚಿಂಚೋಳಿ ಕಾಡು. ಸೇಡಂ, ಚಿತ್ತಾಪುರದ ಕಡೆಯ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಗಾಡಿಯನ್ನು ನಿಲ್ಲಿಸುತ್ತದೆ. ಇಲ್ಲಿಯ ಕೆಂಪು ಮುರಂ ಹಾಗೆ ಮಾಡುವುದಿಲ್ಲ, ನುಣ್ಣಗೆ ಒಳಹೊಕ್ಕು ಅರೆಯುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು ಎರೆಮಣ್ಣನ್ನೇ ಆರಿಸುತ್ತೇನೆ. ಕಣ್ಣೆದುರಿಗೇ ಜಗಳ ಆಡುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಮನೆಯಷ್ಟು ಎತ್ತರದ ಕಿಲ್ನ್ ತಿರುಗಿಸುವ ಗೇರುಗಳನ್ನು ಬಿಚ್ಚಿ ಕೂಡಿಸಿದ ಕೈ ಇದು. ನಿವೃತ್ತನಾದ ಮೇಲೆ ಸೇಡಂನಲ್ಲಿ ಒಂದು ಹಳೆಯ ಮಹೀಂದ್ರ ಎಂಎಂ 540 ಜೀಪು ಕೊಂಡೆ. ಡೀಸೆಲ್, ನಾಲ್ಕೂ ಗಾಲಿಗೆ ಎಳೆತ. ಹೆಂಡತಿ ಅದಕ್ಕೆ ‘ಎರಡನೇ ಕಿಲ್ನ್’ ಎಂದು ಹೆಸರಿಟ್ಟಳು. ಹಬ್ಬದ ಹೊತ್ತಿಗೆ ಹಿಂದಿನಿಂದ ‘ಗುಂಯ್’ ಎಂಬ ಸದ್ದು ಶುರುವಾಯಿತು. ತೊಗರಿ ರಾಶಿ ಮುಗಿಯಲಿ ಎಂದು ದೂಡಿದೆ. ರಾಶಿ ಮುಗಿಯುವ ಹೊತ್ತಿಗೆ ಗುಂಯ್ ಹೋಗಿ ಗರಗರ ಬಂತು. ಯುಗಾದಿ ಹತ್ತಿರ ಬಂದಾಗ ಹೊಲದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಚಿಂಚೋಳಿಯಿಂದ ಚಾಚಾನನ್ನು ಕರೆಸಿದೆ. ಎಪ್ಪತ್ತು ದಾಟಿದ ಮನುಷ್ಯ. ಜೀಪು ಬಿಟ್ಟು ಬೇರೆ ಗಾಡಿ ಮುಟ್ಟುವುದಿಲ್ಲ.

ನೀರು ಒಳಗೆ ಹೇಗೆ ಹೋಯಿತು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಮುಂದಿನ ಪೇಚಾಟವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಗಾಡಿ ಓಡಿದಾಗ ಆಕ್ಸಲ್ ಹೌಸಿಂಗ್ ಕಾಯುತ್ತದೆ, ಒಳಗಿನ ಗಾಳಿಯೂ ಕಾದು ಹಿಗ್ಗುತ್ತದೆ. ಆ ಗಾಳಿ ಉಸಿರಾಡಲು ಮೇಲುಗಡೆ ಬ್ರೀದರ್ ಎಂಬ ಸಣ್ಣ ತೂತು ಇಟ್ಟಿರುತ್ತಾರೆ. ಕಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ತೆರೆದಿದ್ದು ನೀರಿನ ಮೇಲಿದ್ದರೆ ಗಾಳಿ ಬರುತ್ತದೆ. ಮುಚ್ಚಿದ್ದರೆ ಆಯಿಲ್ ಸೀಲಿನ ತುಟಿಯ ಪಕ್ಕದಿಂದ ನೀರನ್ನೇ ಹೀರುತ್ತದೆ. ಸೀಲು ಇರುವುದು ಎಣ್ಣೆ ಹೊರಗೆ ಹೋಗದಂತೆ ತಡೆಯಲು; ಒಳಗೆ ಬರುವವರನ್ನು ತಡೆಯುವುದು ಅದಕ್ಕೆ ಅಷ್ಟಾಗಿ ಬಾರದು. ನನ್ನ ಜೀಪಿನ ಬ್ರೀದರಿನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಜೋಳದ ಕಾಳಿನಷ್ಟು ಮಣ್ಣು.

ಇನ್ನು ಈ ಡಿಫ್ರೆನ್ಸಲ್ ಎಂಬುದು ಇರುವುದಾದರೂ ಏಕೆ? ಚಕ್ಕಡಿಗೆ ಅದು ಬೇಡ. ಚಕ್ಕಡಿಯ ಎರಡೂ ಗಾಲಿ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ, ಎಳೆಯುವ ಎತ್ತು ಮುಂದಿದೆ. ಜೀಪಿನಲ್ಲಿ ಎಂಜಿನ್ ಗಾಲಿಯನ್ನೇ ಹಿಡಿದು ತಿರುಗಿಸಬೇಕು. ಎರಡೂ ಗಾಲಿಯನ್ನು ಒಂದೇ ಸರಳಿಗೆ ಬಿಗಿದು ತಿರುಗಿಸಿದರೆ ನೆಟ್ಟಗಿನ ದಾರಿಯಲ್ಲಿ ತೊಂದರೆಯಿಲ್ಲ, ತಿರುವಿನಲ್ಲಿದೆ. ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎಷ್ಟು ಹೆಚ್ಚು? ಎರಡು ಗಾಲಿಗಳ ನಡುವೆ 1.2 ಮೀಟರ್ ಅಂತರ ಇದೆ ಎಂದುಕೊಳ್ಳಿ. ಗಾಡಿ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಾಲಿ ಒಳಗಾಲಿಗಿಂತ ಸುಮಾರು 7.5 ಮೀಟರ್ ಹೆಚ್ಚು ಓಡಿರುತ್ತದೆ. ತಮಾಷೆ ಏನೆಂದರೆ, ಬಾವಿಯನ್ನು ಸುತ್ತಿದರೂ ಅಷ್ಟೇ, ಚಂದ್ರಂಪಳ್ಳಿ ಕೆರೆಯನ್ನೇ ಸುತ್ತಿ ಬಂದರೂ ಅಷ್ಟೇ. ವರ್ತುಲ ದೊಡ್ಡದಾದರೆ ವ್ಯತ್ಯಾಸ ಬೆಳೆಯುವುದಿಲ್ಲ. ನಂಬಿಕೆ ಬಾರದಿದ್ದರೆ ಮಕ್ಕಳ ಗಣಿತದ ಪುಸ್ತಕ ತೆಗೆದು ಪರಿಧಿಯ ಲೆಕ್ಕ ಮಾಡಿ.

ಕಣದಲ್ಲಿ ಹಂತಿ ಹೊಡೆದದ್ದನ್ನು ನೋಡಿದವರಿಗೆ ನಾನು ಬೇರೆ ಹೇಳಬೇಕಿಲ್ಲ. ಮೇಟಿಗೆ ಹತ್ತಿರ ವಯಸ್ಸಾದ ಎತ್ತು, ಹೊರ ತುದಿಗೆ ಹುರುಪಿನ ಎತ್ತು. ಎಲ್ಲ ಒಂದೇ ಕಣ್ಣಿಯಲ್ಲಿ, ಆದರೆ ಹೆಜ್ಜೆ ಬೇರೆ ಬೇರೆ. ಡಿಫ್ರೆನ್ಸಲ್ ಮಾಡುವುದೂ ಅದನ್ನೇ. ಎಂಜಿನ್ನಿನಿಂದ ಬಂದ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಗೇರು, ಅದು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಕ್ರೌನನ್ನು ಬೋಲ್ಟು ಹಾಕಿ ಕೂಡಿಸಿರುವ ಗುಂಡನೆಯ ಕಬ್ಬಿಣದ ಗೂಡೇ ಕ್ಯಾರಿಯರ್. ಅದರೊಳಗೆ ನಾಲ್ಕು ಪುಟ್ಟ ಗೇರುಗಳು: ಎರಡು ಗಾಲಿಯ ಆಕ್ಸಲ್‌ಗಳಿಗೆ, ಎರಡು ಅವುಗಳ ನಡುವೆ ಪಂಚಾಯ್ತಿಗೆ. ಒಂದು ಗಾಲಿ ನಿಧಾನವಾದಷ್ಟೂ ಇನ್ನೊಂದಕ್ಕೆ ಅಷ್ಟೇ ವೇಗ ಸೇರಿಸಿಕೊಡುವುದು ಪಂಚರ ಕೆಲಸ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬ ಗಡಿಯಾರದ ಕಸುಬುದಾರ 1827ರ ಸುಮಾರಿಗೆ ಉಗಿ ಗಾಡಿಗೆಂದು ಇದನ್ನು ಯೋಚಿಸಿದ. ಅಂದರೆ ಪೆಟ್ರೋಲ್ ಎಂಜಿನ್ನಿಗಿಂತ ಇದೇ ಹಿರಿಯ.

ಇದರ ದೋಷವೂ ಇಲ್ಲೇ ಇದೆ. ಎರಡೂ ಗಾಲಿಗೆ ಸಮನಾಗಿ ಬಲ ಹಂಚುವ ನಿಯಮ ಇರುವುದರಿಂದ, ಒಂದು ಗಾಲಿ ಕೆಸರಿನಲ್ಲಿ ಹಿಡಿತವಿಲ್ಲದೆ ತಿರುಗತೊಡಗಿದರೆ ಗಟ್ಟಿ ನೆಲದ ಮೇಲಿರುವ ಗಾಲಿಗೂ ಆ ಕೆಸರಿನಷ್ಟೇ ಬಲ. ನಾಲ್ಕೂ ಗಾಲಿಗೆ ಎಳೆತವಿರುವ ಜೀಪು ಹೂತಾಗ ಮುಂದೊಂದು, ಹಿಂದೊಂದು ಗಾಲಿ ಮಾತ್ರ ತಿರುಗಿ ಉಳಿದೆರಡು ಸುಮ್ಮನೆ ನೋಡುವುದನ್ನು ಕಂಡಿರುತ್ತೀರಿ. ಜನ ಎಂಜಿನ್ನಿಗೆ ಬೈಯುತ್ತಾರೆ.

ಲಾರಿಗಳಲ್ಲಿ ಸಾಮಾನ್ಯವಾಗಿ ಈ ಸಂಸಾರವೆಲ್ಲ ಒಂದೇ ಗಂಟಾಗಿ ಆಕ್ಸಲ್‌ನ ಮುಂಭಾಗದಿಂದ ಈಚೆ ಬರುತ್ತದೆ, ಬೆಂಚಿನ ಮೇಲಿಟ್ಟು ಕೂತು ರಿಪೇರಿ ಮಾಡಬಹುದು. ಹಳೆಯ ಜೀಪುಗಳ ಹಿಂದಿನ ಆಕ್ಸಲ್ ಹಾಗಲ್ಲ. ಅದು ಅಮೆರಿಕದ ಸ್ಪೈಸರ್ ಅಥವಾ ಡಾನಾ ಕಂಪನಿಯ ವಂಶದ್ದು. ಕ್ಲಾರೆನ್ಸ್ ಸ್ಪೈಸರ್ 1904ರಲ್ಲಿ ಜಾಯಿಂಟ್ ಮಾಡುವ ಕಸುಬು ಶುರುಮಾಡಿದವನು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪುಗಳಿಗೆ ಆ ಕಂಪನಿಯ ಆಕ್ಸಲ್. 1947ರಲ್ಲಿ ಮಹೀಂದ್ರದವರು ಇಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದಾಗ ಆಕ್ಸಲ್ ಕೂಡ ಹಿಂದೆಯೇ ಬಂತು. ಇದರಲ್ಲಿ ಹೌಸಿಂಗ್ ಬಿಚ್ಚುವುದಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಕ್ರೌನ್ ಕಾಣುತ್ತದೆ, ಕ್ಯಾರಿಯರನ್ನು ಆ ಬಾಯಿಯಿಂದಲೇ ಈಚೆ ಎಳೆಯಬೇಕು. ಎಡಕ್ಕೊಂದು ಬಲಕ್ಕೊಂದು ಬೇರಿಂಗು, ಪ್ರತಿ ಬೇರಿಂಗಿನ ಮೇಲೆ ಅರ್ಧಚಂದ್ರದಂಥ ಕ್ಯಾಪು, ಪ್ರತಿ ಕ್ಯಾಪಿಗೆ ಎರಡು ಬೋಲ್ಟು. ನಾಲ್ಕು ಬೋಲ್ಟು ಬಿಚ್ಚಿದರೆ ಮುಗಿಯಿತು ಎನಿಸುತ್ತದೆ. ಮುಗಿಯುವುದಿಲ್ಲ.

ಗಾಡಿಯನ್ನು ಎತ್ತಿ ನಿಲ್ಲಿಸುವಾಗಲೇ ಒಂದು ಸಣ್ಣ ಜಟಾಪಟಿ ಆಯಿತು. ಅಳಿಯ ಜಾಕಿನ ಪಕ್ಕಕ್ಕೆ ಆಧಾರ ಕೊಡಲು ಶಹಾಬಾದಿನ ಪರ್ಸಿ ತುಂಡುಗಳನ್ನು ತಂದು ಪೇರಿಸತೊಡಗಿದ. ಈ ಸೀಮೆಯಲ್ಲಿ ಮನೆಯ ನೆಲ, ಗೋಡೆ, ಮಾಡು, ದನದ ಗೋದಲಿ ಎಲ್ಲಕ್ಕೂ ಪರ್ಸಿಯೇ, ಅವನ ತಪ್ಪಲ್ಲ. ಆದರೆ ಪರ್ಸಿ ಪದರು ಪದರಾದ ಸುಣ್ಣಕಲ್ಲು. ಅದನ್ನು ಗಣಿಯಲ್ಲಿ ಸೀಳುವುದೂ ಆ ಪದರು ಹಿಡಿದೇ. ಒಂದು ಮೂಲೆಯ ಮೇಲೆ ಭಾರ ಕೂತರೆ ಹೇಳದೆ ಕೇಳದೆ ಎರಡಾಗುತ್ತದೆ. ಕೆಳಗೆ ಮಲಗುವವನು ನಾನು. ನನ್ನ ಹತ್ತಿರ ವಾಡಿಯಿಂದ ತಂದ ಹಳೆಯ ರೈಲ್ವೆ ಮರದ ಸ್ಲೀಪರಿನ ತುಂಡುಗಳಿದ್ದವು, ಅವನ್ನು ಅಡ್ಡಡ್ಡ ಪೇರಿಸಿ ಚಾಸಿ ಕೂರಿಸಿದೆವು. ಎರಡೂ ಕಡೆಯ ಆಕ್ಸಲ್‌ಗಳನ್ನು ಕ್ಯಾರಿಯರಿನ ಹಿಡಿತ ತಪ್ಪುವಷ್ಟು ಹೊರಗೆಳೆದದ್ದಾಯಿತು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಪಕ್ಕಕ್ಕೆ ಕಟ್ಟಿದ್ದಾಯಿತು.

ಕ್ಯಾಪ್ ಬಿಚ್ಚುವ ಮುಂಚೆ ಚಾಚಾ ಹಳೆಯ ಬನಿಯನ್ನಿನಿಂದ ಅವನ್ನು ಒರೆಸಿದರು. ಕನ್ನಡಕ ಏರಿಸಿದರು. ನನ್ನನ್ನು ಕರೆದರು.

“ಅಕ್ಷರ ಓದ್ರಿ ಫಿಟ್ಟರ್ ಸಾಬ್. ನಂದು ಉರ್ದು, ನಿಮ್ಮದು ಇಂಗ್ಲಿಷ್.”

ಇಂಥ ಆಕ್ಸಲ್‌ಗಳಲ್ಲಿ ಪ್ರತಿ ಕ್ಯಾಪಿನ ಮೇಲೂ ಅದರ ಪಕ್ಕದ ಹೌಸಿಂಗಿನ ಮೇಲೂ ಒಂದೇ ಅಕ್ಷರ ಒತ್ತಿರುತ್ತಾರೆ. ಒಂದು ಕಡೆ ಅಕ್ಷರ ನೆಟ್ಟಗೆ ನಿಂತಿರುತ್ತದೆ, ಇನ್ನೊಂದು ಕಡೆ ಮಲಗಿರುತ್ತದೆ. ಏಕೆಂದರೆ ಕಾರ್ಖಾನೆಯಲ್ಲಿ ಕ್ಯಾಪನ್ನು ಹೌಸಿಂಗಿಗೆ ಬಿಗಿದ ಮೇಲೆಯೇ ಎರಡನ್ನೂ ಸೇರಿಸಿ ಒಂದೇ ಸಲಕ್ಕೆ ದುಂಡಗೆ ಕೊರೆಯುತ್ತಾರೆ. ಬೀಸುಕಲ್ಲಿನ ಎರಡು ಹೋಳಿನಂತೆ, ಆ ಕ್ಯಾಪು ಆ ಜಾಗಕ್ಕೇ ಸರಿ. ನನ್ನ ಜೀಪಿನಲ್ಲಿ ಮಲಗಿದ ಅಕ್ಷರದ ಪಕ್ಕ ನಿಂತ ಅಕ್ಷರ ಇತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ನಾನು ಕೊಂಡ ಮೇಲೆ ಒಂದೇ ಸಲ ಅದನ್ನು ಬಿಚ್ಚಿಸಿದ್ದೆ. ಯಾವ ಊರು, ಯಾವ ಗ್ಯಾರೇಜು ಎಂಬುದು ಬೇಡ. ಅವತ್ತು ನಾನು ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತ ಕೂತಿದ್ದೆ, ಅದೂ ನನ್ನ ಲೆಕ್ಕಕ್ಕೇ ಬರಬೇಕು. ನಾಲ್ಕು ಬೋಲ್ಟು ಬಿಗಿಯುವಾಗ ಅವರಿಗೆ ಏನೂ ಅನಿಸಿರಲಿಕ್ಕಿಲ್ಲ. ಬಿಗಿಯಾಯಿತಲ್ಲ, ಸಾಕು.

ಕ್ಯಾಪ್‌ಗಳು ಬಂದವು. ಕ್ಯಾರಿಯರ್ ಬರಲಿಲ್ಲ. ಎರಡು ಕಡೆಯಿಂದ ಹಾರಿ ಕೊಟ್ಟು ಮೀಟಿದೆವು. ಒಲ್ಲೆ ಅಂತ ಕೂತುಬಿಟ್ಟಿತು. ನನ್ನಲ್ಲಿದ್ದ ಕಾರ್ಖಾನೆಯ ಮನುಷ್ಯ ಎದ್ದ. ಅಳಿಯನಿಗೆ ಘನ ತಾ ಎಂದೆ.

ಚಾಚಾ ಹಾರಿ ಕೆಳಗಿಟ್ಟು ಬೀಡಿ ಹಚ್ಚಿದರು. “ಘನ ತರ್ಲಿ, ನಾ ಮನಿಗಿ ಹೋಗ್ತೀನಿ. ಯಾವ ಬಿಗಿ ಅದ ಅಂತ ಗೊತ್ತಾಗಲಾರ್ದೆ ಹೊಡಿಬ್ಯಾಡ್ರಿ.”

ಯಾವ ಬಿಗಿ ಎಂದರೇನು ಎಂದು ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೊದಲನೆಯದು ಕಂಪನಿಯವರೇ ಇಟ್ಟ ಬಿಗಿ. ಕ್ಯಾರಿಯರಿನ ಎರಡು ಬೇರಿಂಗುಗಳ ಹೊರಗಿನ ಅಳತೆ ಹೌಸಿಂಗಿನ ಒಳಗಿನ ಜಾಗಕ್ಕಿಂತ ಐದಾರು ಕೂದಲೆಳೆಯಷ್ಟು ಬೇಕೆಂದೇ ಹೆಚ್ಚಿರುತ್ತದೆ. ಕ್ರೌನ್ ಮತ್ತು ಪಿನಿಯನ್ ಒಂದನ್ನೊಂದು ತಳ್ಳುವಾಗ ಬೇರಿಂಗ್ ಕದಲಬಾರದಲ್ಲ, ಅದಕ್ಕೆ. ಕ್ಯಾಪ್ ತೆಗೆದೊಡನೆ ಕ್ಯಾರಿಯರ್ ಕೈಗೆ ಬಿದ್ದರೆ ಹೆದರಬೇಕು, ಬೇರಿಂಗ್ ಸವೆದಿದೆ ಎಂದರ್ಥ. ಎರಡನೆಯದು ನೀರಿನ ಬಿಗಿ: ಬೇರಿಂಗಿನ ಹೊರಬಳೆಗೂ ಅದು ಕೂತ ಜಾಗಕ್ಕೂ ನಡುವೆ ಹಿಡಿದ ತುಕ್ಕು. ಮೂರನೆಯದು ಮನುಷ್ಯರು ಮಾಡಿಟ್ಟದ್ದು. ಅದಲು ಬದಲಾದ ಕ್ಯಾಪು ಬಳೆಯನ್ನು ಒಂದೇ ಕಡೆ ಒತ್ತಿ, ಅಂಚಿನಲ್ಲಿ ಕಬ್ಬಿಣ ತುಸು ಎದ್ದು, ಬಾಗಿಲಿನ ಅಗುಳಿಯಂತೆ ನಿಂತಿರುತ್ತದೆ. ಮೂರಕ್ಕೂ ಮದ್ದು ಬೇರೆ. ಘನದ ಏಟು ಮೂರನ್ನೂ ಬಿಟ್ಟು ನೇರ ಕ್ರೌನಿನ ಹಲ್ಲಿಗೆ ಬೀಳುತ್ತದೆ. ಹೌಸಿಂಗಿನ ನಡುಭಾಗ ಎರಕದ್ದು, ಅದಕ್ಕೂ ಏಟು ಸೇರದು.

ಆ ಸಂಜೆ ಬಳೆಗಳ ಅಂಚಿಗೆ ಡೀಸೆಲ್ಲಿಗೆ ತುಸು ಎಣ್ಣೆ ಬೆರೆಸಿ ಬಿಟ್ಟು, ಗೋಣಿ ಹೊದಿಸಿ ಮಲಗಿದೆವು. ತುಕ್ಕಿನ ಬಿಗಿಗೆ ಅದು. ಬೆಳಗ್ಗೆ ಚಾಚಾ ಅರ್ಧದುಂಡು ಅರ ಹಿಡಿದು ಎಡಗಡೆಯ ಅಂಚಿನಲ್ಲಿ ಎದ್ದಿದ್ದ ಕಬ್ಬಿಣವನ್ನು ಕೂತು ಸವರಿದರು, ಒಂದೊಂದು ಎಳೆತಕ್ಕೂ ಬೆರಳಾಡಿಸಿ ನೋಡುತ್ತ; ಪುಡಿ ಒಳಗೆ ಬೀಳದಂತೆ ಕೆಳಗೆ ಗ್ರೀಸು ಮೆತ್ತಿದ ಬಟ್ಟೆ. ಉಳಿದದ್ದು ಕಂಪನಿಯ ಬಿಗಿ. ಅದಕ್ಕೆ ಹೌಸಿಂಗಿನ ಬಾಯನ್ನೇ ತುಸು ಅಗಲಿಸಬೇಕು.

ಅಗಲಿಸಲು ಸ್ಪ್ರೆಡರ್ ಎಂಬ ಸಾಮಾನಿದೆ. ಹೌಸಿಂಗಿನ ಎರಡು ಪಕ್ಕಕ್ಕೆ ಅದಕ್ಕೆಂದೇ ಒಂದೊಂದು ತೂತು ಇರುತ್ತದೆ. ಚಾಚಾ ತಮ್ಮದನ್ನು ಲೇತಿನಲ್ಲಿ ಮಾಡಿಸಿಕೊಂಡಿದ್ದರು: ದಪ್ಪ ಪಟ್ಟಿ, ನಡುವೆ ಎಡ ಬಲ ಎರಡೂ ಚೂಡಿಯ ಸ್ಕ್ರೂ. ತಿರುವಿದರೆ ಎರಡು ಕಾಲು ಹೊರಕ್ಕೆ ಒದೆಯುತ್ತವೆ. ಎಷ್ಟು ಒದೆಯಬೇಕು ಎಂಬುದಕ್ಕೆ ಮಿತಿ ಇದೆ. ಅರ್ಧ ಮಿಲಿಮೀಟರ್. ಅಂದರೆ ಒಂದು ಇಂಚಿನ ಸಾವಿರದಲ್ಲಿ 20 ಪಾಲು. ಅದಕ್ಕಿಂತ ಹೆಚ್ಚಾದರೆ ಹೌಸಿಂಗ್ ಹಿಂದಕ್ಕೆ ಬರದೆ ಅಗಲವಾಗಿಯೇ ಉಳಿಯಬಹುದು, ಆಮೇಲೆ ಯಾವ ಬೇರಿಂಗೂ ಅದರಲ್ಲಿ ನಿಲ್ಲದು. ಇಲ್ಲಿ ನನಗೆ ಮೊದಲ ಸಲ ಮರ್ಯಾದೆ ಸಿಕ್ಕಿತು. ನನ್ನ ಪೆಟ್ಟಿಗೆಯಲ್ಲಿ ಡಯಲ್ ಗೇಜ್ ಇತ್ತು. ಅಯಸ್ಕಾಂತದ ಕಾಲಿನ ಮೇಲೆ ಅದನ್ನು ನಿಲ್ಲಿಸಿ ಮುಳ್ಳು ನೋಡುತ್ತ ಕೂತೆ. ಚಾಚಾ ಮುಳ್ಳಿನ ಕಡೆ ನೋಡಲೇ ಇಲ್ಲ. ಪಾನಾ ತಿರುವುತ್ತ, ಕಿವಿ ಹತ್ತಿರ ಹಿಡಿದು, ಒಂದು ಕಡೆ ನಿಲ್ಲಿಸಿ “ಬಸ್” ಎಂದರು. ಮುಳ್ಳು 0.40ರಲ್ಲಿತ್ತು. ಅದೃಷ್ಟವೋ ಐವತ್ತು ವರ್ಷದ ಕೈಯೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮತ್ತೆ ಹಾರಿ. ಈ ಸಲ ಹಾರಿಯ ಕೆಳಗೆ ಮರದ ತುಂಡು, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ. ಎರಡು ಮಿಲಿಮೀಟರ್ ಬಂತು. ಬಲಗಡೆ ಮುಂದೆ, ಎಡಗಡೆ ಹಿಂದೆ, ಸೊಟ್ಟಗೆ ನಿಂತಿತು. ಅಳಿಯ ಇನ್ನೂ ಜೋರಾಗಿ ಮೀಟಿದ. ಚಾಚಾ ಅವನ ಕೈ ಹಿಡಿದು, ಬಂದಷ್ಟನ್ನೂ ಮರದ ಸುತ್ತಿಗೆಯಿಂದ ತಟ್ಟಿ ಮತ್ತೆ ಒಳಕ್ಕೆ ಕಳಿಸಿದರು. ಒಂದು ದಿನದ ಗಳಿಕೆ ಹೋಯಿತಲ್ಲ ಎಂದು ನಮ್ಮಿಬ್ಬರ ಮುಖ ಬಾಡಿತು. ಟೇಬಲ್ಲಿನ ಡ್ರಾಯರ್ ಸೊಟ್ಟಗೆ ಸಿಕ್ಕಿಕೊಂಡಾಗ ಎಳೆದಷ್ಟೂ ಸಿಕ್ಕಿಕೊಳ್ಳುತ್ತದೆ. ಒಳಕ್ಕೆ ತಳ್ಳಿ, ನೆಟ್ಟಗೆ ಮಾಡಿ, ಮತ್ತೆ ಎಳೆಯಬೇಕು. ಮನೆಯಲ್ಲಿ ನಿತ್ಯ ಮಾಡುವ ಕೆಲಸ ಗಾಡಿಯ ಕೆಳಗೆ ಮಲಗಿದಾಗ ಹೊಳೆಯುವುದಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಕಿಲ್ನಿನ ಗೇರಿನ ಮೇಲೆ ಎಂದೂ ನೋಡಿರಲಿಲ್ಲ. ಎರಡೂ ಕ್ಯಾಪ್‌ಗಳನ್ನು ಅವವುಗಳ ಸರಿಯಾದ ಜಾಗದಲ್ಲಿಟ್ಟು, ಬೋಲ್ಟುಗಳನ್ನು ನಾಲ್ಕೇ ಸುತ್ತು ಹಾಕಿ, ಬಾಗಿಲಿಗೆ ಸರಪಳಿ ಹಾಕಿದಂತೆ ಸಡಿಲವಾಗಿ ಬಿಟ್ಟರು. ತಟ್ಟನೆ ಹಾರಿ ಬಂದರೆ ಎದೆಯ ಮೇಲೆ ಬೀಳಬಾರದು, ಕ್ರೌನು ಸಮೇತ ಅದು ಸಣ್ಣ ಮಗುವಿನಷ್ಟು ಭಾರ. ಹಳೆಯ ಚಪ್ಪಲಿಯ ಅಟ್ಟೆಯಿಂದ ಒಂದು ಪಟ್ಟಿ ಕತ್ತರಿಸಿ ಕ್ರೌನಿಗೂ ಪಿನಿಯನ್ನಿಗೂ ನಡುವೆ ಹಲ್ಲಿನ ಬಾಯಿಗೆ ಕೊಟ್ಟರು. ಮುಂದಿನಿಂದ ನನಗೆ ಪಿನಿಯನ್ನಿನ ಫ್ಲ್ಯಾಂಜನ್ನು ಪಾನಾ ಹಾಕಿ ನಿಧಾನ ತಿರುವಲು ಹೇಳಿದರು. ಹಲ್ಲುಗಳು ಚರ್ಮವನ್ನು ಜಗಿಯುತ್ತ ಒಳಗೆಳೆದುಕೊಂಡವು. ಇಬ್ಬರ ನಡುವೆ ಮೂರನೆಯವನು ನುಗ್ಗಿದರೆ ಒಬ್ಬ ಹಿಂದೆ ಸರಿಯಲೇಬೇಕು. ಪಿನಿಯನ್ ಸರಿಯುವಂತಿಲ್ಲ, ಕ್ಯಾರಿಯರ್ ಸರಿಯಿತು. ‘ಟಕ್’ ಎಂದು ಒಂದೇ ಸದ್ದು, ಬಂದು ಕ್ಯಾಪ್‌ಗಳಿಗೆ ಒರಗಿ ನಿಂತಿತು. ಬೆರಳು ಮಾತ್ರ ಆ ಹಲ್ಲುಗಳ ಹತ್ತಿರ ಇರಬಾರದು. ಚಾಚಾನ ಎಡಗೈ ತೋರುಬೆರಳಿಗೆ ಉಗುರಿಲ್ಲ, ಅದರ ಕಥೆ ಅವರು ಹೇಳಿದ್ದು ಆಗಲೇ.

ಒಳಗೆ ನೋಡಿದರೆ ನೀರು ತನ್ನ ಗುರುತು ಬಿಟ್ಟಿತ್ತು. ಹೌಸಿಂಗಿನ ಗೋಡೆಯ ಮೇಲೆ ಕೆರೆಯ ಕಟ್ಟೆಗೆ ಇರುವಂಥ ನೆಟ್ಟನೆಯ ತುಕ್ಕಿನ ಗೆರೆ, ಎರಡು ಬೆರಳು ಎತ್ತರಕ್ಕೆ. ಎಡಗಡೆಯ ಬೇರಿಂಗಿನ ರೋಲರುಗಳು ಸಿಡುಬು ಬಂದ ಮುಖದಂತಿದ್ದವು. ಕ್ರೌನ್ ಪಿನಿಯನ್ ಮಾತ್ರ ದೇವರ ದಯೆಯಿಂದ ಚೆನ್ನಾಗಿದ್ದವು. ಎಣಿಸಿದೆ: ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಶಾಫ್ಟು ಐದೂಚಿಲ್ಲರೆ ಸುತ್ತು ಬಂದರೆ ಗಾಲಿ ಒಂದು ಸುತ್ತು. ಈ 43 ಬೇಕೆಂದೇ ಇಟ್ಟ ಸಂಖ್ಯೆ, ಒಂದನ್ನು ಬಿಟ್ಟರೆ 43ನ್ನೂ 8ನ್ನೂ ಎರಡನ್ನೂ ಭಾಗಿಸುವ ಸಂಖ್ಯೆ ಇಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಸರದಿಯಲ್ಲಿ ಭೇಟಿ ಮಾಡುತ್ತದೆ, ಎಲ್ಲ ಸಮನಾಗಿ ಸವೆಯುತ್ತವೆ. ಎರಡೂ ಜೊತೆಗೇ ಬಾಳಿ ಒಂದಕ್ಕೊಂದು ಹೊಂದಿಕೊಂಡವು. ಒಂದು ಕೆಟ್ಟರೆ ಎರಡನ್ನೂ ಬದಲಿಸಬೇಕು. ಒಂದನ್ನೇ ಕೊಡುತ್ತೇನೆಂದು ಅಂಗಡಿಯವನು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಬೇರಿಂಗುಗಳನ್ನು ಪುಲ್ಲರ್ ಹಾಕಿ ಕಿತ್ತಾಗ ಅವುಗಳ ಅಡಿಯಲ್ಲಿ ಶಿಮ್‌ಗಳು ಸಿಕ್ಕವು. ಬಳೆಯಾಕಾರದ ಉಕ್ಕಿನ ತೆಳು ತಗಡು. ಎಡಕ್ಕೆ ಮೂರು, ಬಲಕ್ಕೆ ಎರಡು. ಈ ಐದು ತಗಡುಗಳಲ್ಲೇ ಇಡೀ ಆಕ್ಸಲ್‌ನ ಆಯುಷ್ಯ ಇದೆ. ಎರಡೂ ಕಡೆಯ ಒಟ್ಟು ದಪ್ಪ ಬಿಗಿಯನ್ನು ನಿರ್ಧರಿಸುತ್ತದೆ. ಯಾವ ಕಡೆ ಎಷ್ಟು ಎಂಬುದು ಕ್ರೌನ್ ಪಿನಿಯನ್ನಿಗೆ ಎಷ್ಟು ಹತ್ತಿರ ಕೂರಬೇಕೆಂದು ನಿರ್ಧರಿಸುತ್ತದೆ. ಬಲದಿಂದ ಒಂದು ತಗಡು ತೆಗೆದು ಎಡಕ್ಕೆ ಹಾಕಿದರೆ ಬಿಗಿ ಬದಲಾಗುವುದಿಲ್ಲ, ಕ್ರೌನ್ ಸರಿಯುತ್ತದೆ. ಎಡದವನ್ನು ಅಳಿಯನ ತಂಬಾಕಿನ ಡಬ್ಬಿಗೆ, ಬಲದವನ್ನು ನನ್ನ ಕನ್ನಡಕದ ಡಬ್ಬಿಗೆ ಹಾಕಿದೆ. ಮೈಕ್ರೋಮೀಟರಿನಲ್ಲಿ ಅಳೆದು ಹೌಸಿಂಗಿನ ಮೇಲೇ ಸೀಮೆಸುಣ್ಣದಲ್ಲಿ ಬರೆದೆ.

ಕಲಬುರಗಿಗೆ ಹೋಗಿ ಹೊಸ ಬೇರಿಂಗು, ಸೀಲು, ಎಣ್ಣೆ ತಂದದ್ದರಲ್ಲಿ ಹೇಳುವಂಥದ್ದೇನಿಲ್ಲ, ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಎಂಬುದನ್ನು ಬಿಟ್ಟರೆ. ಬೇರಿಂಗುಗಳನ್ನು ಏಟು ಕೊಡದೆ ಕೂರಿಸಲು ಹಳೆಯ ಕಡಾಯಿಯಲ್ಲಿ ಎಣ್ಣೆ ಕಾಯಿಸಿ ಅದರಲ್ಲಿ ಅದ್ದಿದೆವು. ತೀರ ಕಾಯಿಸಬಾರದು, 120 ಡಿಗ್ರಿ ದಾಟಿದರೆ ಉಕ್ಕಿನ ಹದ ಕೆಡುವ ಭಯ. ಹನಿ ನೀರು ಬಿದ್ದರೆ ಚುರ್ ಎನ್ನುವಷ್ಟಾದಾಗ ಎತ್ತಿದರೆ ಹಿಗ್ಗಿದ ಬೇರಿಂಗು ಬಳೆಯಂತೆ ಜಾರಿ ಕೂರುತ್ತದೆ.

ಈಗ ಮರಳಿ ಹಾಕುವುದು. ತೆಗೆಯುವುದಕ್ಕಿಂತ ಇದು ಕಷ್ಟ, ಏಕೆಂದರೆ ಹೊಸ ಬೇರಿಂಗಿನಿಂದ ಬಿಗಿ ಮತ್ತೆ ಪೂರ್ತಿ ಬಂದಿದೆ. ನನಗೊಂದು ಯೋಚನೆ ಬಂತು. ಕಬ್ಬಿಣ ತಣ್ಣಗಾದರೆ ಕುಗ್ಗುತ್ತದಲ್ಲ? ಅಳಿಯ ಚಿಂಚೋಳಿಯಿಂದ ಐಸ್ ತಂದ. ಕ್ಯಾರಿಯರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸಿನಲ್ಲಿ ಹೂತೆ. ಹೌಸಿಂಗಿಗೆ ಮಧ್ಯಾಹ್ನದ ಬಿಸಿಲು ಬೀಳಲೆಂದು ಮೇಲಿನ ಗೋಣಿ ತೆಗೆದೆ. ಚಾಚಾ ನಕ್ಕು, “ಮೀನು ಅದೇನ್ರಿ?” ಎಂದರು.

ಲೆಕ್ಕ ಇದು. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಕುಗ್ಗುತ್ತದೆ. 150 ಮಿಲಿಮೀಟರ್ ಅಗಲದ ಸಾಮಾನು, ಬಿಸಿಲಿಗೆ ಕಾದ ಹೌಸಿಂಗಿಗೂ ಐಸಿನಲ್ಲಿದ್ದ ಕ್ಯಾರಿಯರಿಗೂ 60 ಡಿಗ್ರಿ ವ್ಯತ್ಯಾಸ ಎಂದು ಹಿಡಿದರೆ ಸಿಗುವುದು 0.1 ಮಿಲಿಮೀಟರಿಗೆ ತುಸು ಹೆಚ್ಚು. ಸ್ಪ್ರೆಡರ್ ಕೊಡುವುದು 0.4. ಎರಡೂ ಸೇರಿದರೆ ಅರ್ಧ ಮಿಲಿಮೀಟರ್, ಹೌಸಿಂಗಿಗೆ ಹೆಚ್ಚು ನೋವಿಲ್ಲದೆ. ಐಸಿನಿಂದ ತೆಗೆದ ಕಬ್ಬಿಣದ ಮೇಲೆ ಹಬೆ ಕೂತು ತುಕ್ಕು ಹಿಡಿಯುತ್ತದೆ, ಕೂಡಲೇ ಎಣ್ಣೆ ಬಟ್ಟೆಯಿಂದ ಒರೆಸಬೇಕು. ಬಳೆಗಳನ್ನು ಬೇರಿಂಗಿನ ಮೇಲೆ ಎರಡೂ ಅಂಗೈಯಿಂದ ಒತ್ತಿಹಿಡಿದು, ಹಲ್ಲು ಹಲ್ಲಿಗೆ ಕೂಡುವಂತೆ ತುಸು ವಾಲಿಸಿ, ನೆಟ್ಟಗೆ ಒಳಕ್ಕೆ ಬಿಟ್ಟೆವು. ಎಡಕ್ಕೊಂದು, ಬಲಕ್ಕೊಂದು, ಮರದ ಸುತ್ತಿಗೆಯ ಐದು ಏಟು. ಕೂತಿತು. ಚಾಚಾ ಸ್ಪ್ರೆಡರನ್ನು ಆ ಕ್ಷಣವೇ ಸಡಿಲಿಸಿದರು, ಹೌಸಿಂಗನ್ನು ಹಾಗೆ ಬಹಳ ಹೊತ್ತು ಹಿಗ್ಗಿಸಿ ಇಡಬಾರದು. ಐಸಿನಿಂದ ಬಂತು ಎಂದು ನಾನು, ಸ್ಪ್ರೆಡರಿನಿಂದ ಬಂತು ಎಂದು ಅವರು. ಲೆಕ್ಕದ ಪ್ರಕಾರ ನನ್ನದು ಐದರಲ್ಲಿ ಒಂದು ಪಾಲು, ಅದನ್ನು ಒಪ್ಪುತ್ತೇನೆ.

ನಿಂತ ಅಕ್ಷರ ನಿಂತದ್ದರ ಜೊತೆ, ಮಲಗಿದ್ದು ಮಲಗಿದ್ದರ ಜೊತೆ. ಕ್ಯಾಪಿನ ಬೋಲ್ಟುಗಳಿಗೆ ಪುಸ್ತಕದಲ್ಲಿ 70ರಿಂದ 90 ಫುಟ್ ಪೌಂಡ್ ಬಿಗಿ ಎಂದಿದೆ. ಚಾಚಾನ ಹತ್ತಿರ ಟಾರ್ಕ್ ಪಾನಾ ಇಲ್ಲ, ಎರಡು ಫೂಟಿನ ಪೈಪಿದೆ. ಎರಡು ಫೂಟಿನ ತುದಿಗೆ 18 ಕಿಲೋ ಭಾರ ಹಾಕಿದರೆ 80 ಫುಟ್ ಪೌಂಡ್ ಆಗುತ್ತದೆ. ನಾನು ತಕ್ಕಡಿಯಲ್ಲಿ ನೋಡಿ ಅಷ್ಟು ತೂಕದ ತೊಗರಿ ಚೀಲ ತೂಗುಹಾಕಿ ಪರೀಕ್ಷಿಸಿದೆ. ಅವರ ಕೈ ಕೊಟ್ಟ ಬಿಗಿಯ ಮುಂದೆ ಚೀಲಕ್ಕೆ ಬೋಲ್ಟು ಕದಲಲಿಲ್ಲ. ನನ್ನ ಚೀಲಕ್ಕೆ ಅವರು ಏನೂ ಅನ್ನಲಿಲ್ಲ.

ಕೊನೆಗೆ ಹಲ್ಲುಗಳ ನಡುವಿನ ಸಂದು. ಪಿನಿಯನ್ನನ್ನು ಹಿಡಿದು ಕ್ರೌನನ್ನು ಹಿಂದೆ ಮುಂದೆ ಅಲುಗಿಸಿದರೆ ಕೂದಲೆಳೆಯಷ್ಟು ಆಟ ಇರಬೇಕು, 0.13ರಿಂದ 0.23 ಮಿಲಿಮೀಟರ್. ತೀರ ಕಡಿಮೆಯಾದರೆ ಕಾದು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಗೇರು ಬಿಟ್ಟು ಹಿಡಿದಾಗೆಲ್ಲ ಕಟ್ ಎನ್ನುತ್ತದೆ. ಕಿಲ್ನಿನಲ್ಲಿ ಇದೇ ಸಂದನ್ನು ನಾವು ಮಿಲಿಮೀಟರುಗಳಲ್ಲಿ ಅಳೆಯುತ್ತಿದ್ದೆವು. ಮೊದಲ ಸಲ 0.28 ಬಂತು. ಮತ್ತೆ ಬಿಚ್ಚಿದೆವು. ಹೌದು, ಸ್ಪ್ರೆಡರಿನಿಂದ ಹಿಡಿದು ಎಲ್ಲವೂ ಮತ್ತೊಮ್ಮೆ. ಒಂದು ತೆಳು ಶಿಮ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಎರಡನೇ ಸಲ 0.18. ಹಲ್ಲುಗಳಿಗೆ ನೀಲಿ ಹಚ್ಚಿ ತಿರುಗಿಸಿ ನೋಡಿದೆವು. ಒರೆಸಿಹೋದ ಗುರುತು ಹಲ್ಲಿನ ನಡುವೆ, ಬಾದಾಮಿಯಂತೆ ಬಿದ್ದಿತ್ತು. ಅಂಚಿಗೆ ಬಿದ್ದಿದ್ದರೆ ಇನ್ನೊಂದು ದಿನ.

ಮುಚ್ಚಳ ಬಿಗಿದು, ತುಂಬುವ ತೂತಿನ ಬಾಯಿಗೆ ಬರುವ ತನಕ ಎಣ್ಣೆ ಹಾಕಿ, ಬ್ರೀದರಿಗೆ ರಬ್ಬರ್ ಪೈಪು ಸಿಕ್ಕಿಸಿ ಚಾಸಿಯ ಮೇಲ್ಭಾಗಕ್ಕೆ ಒಯ್ದು ಕಟ್ಟಿದೆವು. ಚಿಂಚೋಳಿಯ ತನಕ ಚಾಚಾನನ್ನು ನಾನೇ ಬಿಟ್ಟುಬಂದೆ. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ, ಇಳಿದು, ಹೌಸಿಂಗಿನ ಮೇಲೆ ಅಂಗೈ ಇಟ್ಟರು. ಮೂರನೇ ಸಲ ಏನೂ ಹೇಳದೆ ಬಂದು ಕೂತು ಬೀಡಿ ಹಚ್ಚಿದರು.

ಈ ಶ್ರಾವಣದಲ್ಲಿ ಹಳ್ಳದ ದಂಡೆಗೆ ಬಂದರೆ ನಾನು ಎಂಜಿನ್ ಆರಿಸಿ ಇಳಿಯುತ್ತೇನೆ. ಆಕ್ಸಲ್ ಮುಟ್ಟಿ ನೋಡಿ, ಕೈ ತಾಳುವಷ್ಟು ತಣ್ಣಗಾಗುವ ತನಕ ಕಲ್ಲಿನ ಮೇಲೆ ಕೂರುತ್ತೇನೆ. ಹಿಂದೆ ಮೋಟರ್‌ಸೈಕಲ್ಲಿನ ಮೇಲೆ ಅಳಿಯ. ಮಳೆ ಹನಿಯುತ್ತಿರುತ್ತದೆ. “ಮಾವಾ, ಎತ್ತಿಗಿ ಉಸಿರು ಹಾಕ್ಲಾಕ ಬಿಟ್ಟೀರೇನ್ರಿ?” ಎಂದು ಅವನು ಹಾರ್ನ್ ಹೊಡೆಯುತ್ತಾನೆ.